ಆರ್‌ಎಲ್‌ಎಂ ಎಂದರೆ ಯಾವ ಬಣ್ಣ?

ಮೂರು ರೆಕ್ಕೆಯ ಕೆಂಪು ಫೋಕರ್ ವಿಮಾನದ ಮಾಡೆಲ್ ಒಂದರ ಚಿತ್ರ ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಕೆಳಗಿನ ಒಕ್ಕಣೆ ಮಾತ್ರ ಹೀಗಿತ್ತು: ‘ಅಸಲಿ ಆರ್‌ಎಲ್‌ಎಂ ಕೆಂಪನ್ನೇ ಬಳಸಿದ್ದೇನೆ.’ ಮೊದಲ ಮಹಾಯುದ್ಧದಲ್ಲಿ ಆ ವಿಮಾನ ಹಾರಿಸಿದ ಜರ್ಮನ್ ಪೈಲಟ್ ರಿಖ್ಟ್‌ಹೋಫೆನ್ ಸತ್ತದ್ದು 1918ರ ಏಪ್ರಿಲ್ 21ರಂದು. ಆರ್‌ಎಲ್‌ಎಂ ಎಂಬ ಜರ್ಮನ್ ಸರ್ಕಾರಿ ಕಚೇರಿ ಹುಟ್ಟಿದ್ದು 1933ರಲ್ಲಿ. ಹದಿನೈದು ವರ್ಷ ಮುಂಚಿತವಾಗಿ ಬಣ್ಣ ತರಿಸಿಕೊಂಡ ಪೈಲಟ್ ಅವನೊಬ್ಬನೇ ಇರಬೇಕು.

ಇದೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ಟೈಗರ್ ಟ್ಯಾಂಕಿಗೆ ‘ಆರ್‌ಎಲ್‌ಎಂ ಹಳದಿ’, ಅರವತ್ತರ ದಶಕದ ಜೆಟ್ ವಿಮಾನ ಸ್ಟಾರ್‌ಫೈಟರ್‌ಗೆ ‘ಆರ್‌ಎಲ್‌ಎಂ ಹಸಿರು’, ಎಲ್ಲಕ್ಕಿಂತ ಹೆಚ್ಚಾಗಿ ‘ಆರ್‌ಎಲ್‌ಎಂ ಬೂದು ಹೊಡೆದುಬಿಡಿ, ಸರಿಹೋಗುತ್ತದೆ’ ಎಂಬ ಸಲಹೆ. ಜರ್ಮನಿಯ ಯಾವ ಯಂತ್ರಕ್ಕೆ ಯಾವ ಬಣ್ಣ ಬಳಿದರೂ ಈ ಮೂರಕ್ಷರ ಅಂಟಿಸಿದರೆ ಸಾಚಾತನದ ಮುದ್ರೆ ಬಿತ್ತು ಎಂಬ ನಂಬಿಕೆ ಬೇರೂರಿದೆ. ಮುದ್ರೆಯೇನೋ ಹೌದು, ಆದರೆ ಅದು ಒಂದು ಕಚೇರಿಯ ಮುದ್ರೆ. ‘ಲೋಕೋಪಯೋಗಿ ಇಲಾಖೆಯ ಬಣ್ಣ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ಏನು ಕೊಟ್ಟಾನು?

ರೈಖ್ಸ್‌ಲುಫ್ಟ್‌ಫಾರ್ಟ್‌ಮಿನಿಸ್ಟೇರಿಯುಮ್. ಒಂದೇ ಉಸಿರಿನಲ್ಲಿ ಹೇಳಲಾಗದವರಿಗಾಗಿಯೇ ಆರ್‌ಎಲ್‌ಎಂ ಎಂಬ ಸಂಕ್ಷೇಪ. ಬಿಡಿಸಿದರೆ ಕಷ್ಟವೇನಿಲ್ಲ. ‘ಲುಫ್ಟ್’ ಎಂದರೆ ಗಾಳಿ, ‘ಫಾರ್ಟ್’ ಎಂದರೆ ಪಯಣ. ಎರಡೂ ಸೇರಿ ವಿಮಾನಯಾನ. ಕೊನೆಯದು ಸಚಿವಾಲಯವೆಂದು ಹೇಳಬೇಕಾಗಿಲ್ಲ. ಮೊದಲಿನ ‘ರೈಖ್’ ಸ್ವಾರಸ್ಯದ ಪದ. ಸಾಮ್ರಾಜ್ಯ, ಆಳ್ವಿಕೆಗೆ ಒಳಪಟ್ಟ ನಾಡು ಎಂಬ ಅರ್ಥದ ಈ ಪದವೂ ಸಂಸ್ಕೃತದಿಂದ ನಮಗೆ ಬಂದ ‘ರಾಜ್ಯ’ವೂ ಒಂದೇ ಪುರಾತನ ಬೇರಿನವು. ಲ್ಯಾಟಿನ್ನಿನ ‘ರೆಕ್ಸ್’ ಕೂಡ ಅದೇ ಬಳಗದ್ದು. ಹಿಟ್ಲರನ ಕಾಲದಲ್ಲಿ ಈ ಪದಕ್ಕೆ ಮೆತ್ತಿದ ಮಸಿ ಇನ್ನೂ ಹೋಗಿಲ್ಲ ಎನ್ನುವುದು ಬೇರೆ ಮಾತು. ಅಂತೂ ‘ಸಾಮ್ರಾಜ್ಯದ ವಿಮಾನಯಾನ ಸಚಿವಾಲಯ’. ಹರ್ಮನ್ ಗೋರಿಂಗ್ ಅದರ ಮಂತ್ರಿ. ಬರ್ಲಿನ್ನಿನ ವಿಲ್ಹೆಲ್ಮ್ ರಸ್ತೆಯಲ್ಲಿ ಅದಕ್ಕಾಗಿ ಕಟ್ಟಿದ ಭಾರಿ ಕಲ್ಲಿನ ಕಟ್ಟಡ ಯುದ್ಧದಲ್ಲಿ ಉಳಿದುಕೊಂಡಿತು. ಈಗ ಅಲ್ಲಿರುವುದು ಜರ್ಮನಿಯ ಹಣಕಾಸು ಸಚಿವಾಲಯ.

ಎಲ್ಲದಕ್ಕೂ ಸಂಖ್ಯೆ ಕೊಡುವುದು ಈ ಕಚೇರಿಯ ಗೀಳು. ನಾವು ದಿನಾ ಬಾಯಲ್ಲಿ ಆಡುವ 109, 190, 262 ಎಂಬ ವಿಮಾನಗಳ ಹೆಸರುಗಳು ಕೂಡ ಸಚಿವಾಲಯದ ಪಟ್ಟಿಯ ಸಂಖ್ಯೆಗಳೇ. ಕಾಗದದಲ್ಲಿ ಅವು 8-109, 8-190, 8-262. ಬಣ್ಣಗಳಿಗೂ ಅದೇ ಪದ್ಧತಿ. ‘ಫಾರ್ಬ್‌ಟೋನ್ 70’ ಎಂದರೆ ಎಪ್ಪತ್ತನೆಯ ವರ್ಣಛಾಯೆ. ಎಲ್‌ಡಿವಿ 521/1 ಎಂಬ ವಾಯುಪಡೆಯ ಕೈಪಿಡಿಯಲ್ಲಿ ಯಾವ ಛಾಯೆಯನ್ನು ಎಲ್ಲಿ, ಹೇಗೆ ಬಳಿಯಬೇಕೆಂಬುದೆಲ್ಲ ಇತ್ತು. ಅದರ 1938ರ ಆವೃತ್ತಿ ಬೇರೆ, 1941ರದು ಬೇರೆ. ಹಾಗಾಗಿ ಸಂಖ್ಯೆಯಿಲ್ಲದ ಆರ್‌ಎಲ್‌ಎಂಗೆ ಅರ್ಥವಿಲ್ಲ. ಸಂಖ್ಯೆಯಿದ್ದರೂ ವಿಮಾನ ಯಾವುದು, ವರ್ಷ ಯಾವುದು ಎಂದು ಹೇಳದಿದ್ದರೆ ಅರ್ಧ ಅರ್ಥವೇ.

ಟ್ಯಾಂಕ್ ಮಾಡೆಲ್ ಮಾಡುವವರು ಹುಡುಕುತ್ತಿರುವ ಮೂರಕ್ಷರ ಆರ್‌ಎಎಲ್. ಅದು 1925ರಲ್ಲಿ ಹುಟ್ಟಿದ ಬೇರೆಯೇ ಸಂಸ್ಥೆಯದು, ಕೈಗಾರಿಕೆಯ ಪೂರೈಕೆ ನಿಯಮಗಳನ್ನು ರೂಪಿಸುವ ಸಮಿತಿಯದು. ಸಚಿವಾಲಯ ಮುಳುಗಿತು, ಆರ್‌ಎಎಲ್ ಇಂದಿಗೂ ಇದೆ. ಮನೆಯ ಕಿಟಕಿಯ ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸುವವರಿಗೂ ಗೊತ್ತು. ಟ್ಯಾಂಕಿನ ಕಡುಬೂದು ಆರ್‌ಎಎಲ್ 7021. ಯುದ್ಧಾನಂತರದ ಪಶ್ಚಿಮ ಜರ್ಮನಿಯ ಸ್ಟಾರ್‌ಫೈಟರ್‌ಗಳ ಮೇಲ್ಮೈಯ ಬೂದು ಆರ್‌ಎಎಲ್ 7012, ಹಸಿರು ಆರ್‌ಎಎಲ್ 6014. ನಾಲ್ಕಂಕಿ ಕಂಡರೆ ಆರ್‌ಎಎಲ್, ಎರಡಂಕಿ ಕಂಡರೆ ಆರ್‌ಎಲ್‌ಎಂ ಎಂದಿಟ್ಟುಕೊಂಡರೆ ಮಾಡೆಲ್ ಮಾಡುವವರಿಗೆ ಬಹುಪಾಲು ಸಾಕು. ಎಚ್ಎಎಲ್‌ನ ಮಾರುತ್ ವಿಮಾನವನ್ನು ಬೆಂಗಳೂರಿನಲ್ಲಿ ವಿನ್ಯಾಸ ಮಾಡಿದ್ದು ಫೊಕ್ಕೆ-ವುಲ್ಫ್ 190ನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಅವರೇ, ನಿಜ. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ವಿನ್ಯಾಸಕಾರರು ಜರ್ಮನ್ ಎಂದಮಾತ್ರಕ್ಕೆ ಮಾರುತ್‌ಗೆ ಆರ್‌ಎಲ್‌ಎಂ ಹುಡುಕುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಈಗ ‘ಆರ್‌ಎಲ್‌ಎಂ ಬೂದು’ ವಿಚಾರಕ್ಕೆ ಬರೋಣ. ಗೊಂದಲದ ಮೂಲ ಇಲ್ಲಿದೆ, ಮತ್ತು ತಪ್ಪು ಪೂರ್ತಿ ನಮ್ಮವರದೂ ಅಲ್ಲ. ಪಟ್ಟಿಯಲ್ಲಿ 02 ಎಂಬ ಛಾಯೆಗೆ ಸಚಿವಾಲಯ ತನ್ನದೇ ಹೆಸರಿಟ್ಟಿತು: ಆರ್‌ಎಲ್‌ಎಂ-ಗ್ರೌ. ಮಿಕ್ಕವೆಲ್ಲ ಕಪ್ಪುಹಸಿರು, ಕಡುಹಸಿರು, ತಿಳಿನೀಲಿ ಎಂದು ನೋಟಕ್ಕೆ ತಕ್ಕ ಹೆಸರು ಪಡೆದರೆ ಇದೊಂದಕ್ಕೆ ಮಾತ್ರ ಕಚೇರಿಯ ಹೆಸರು. ಮಾಡೆಲ್ ಬಣ್ಣ ತಯಾರಿಸುವ ತಮಿಯಾ ಕಂಪನಿಯ ಎಕ್ಸ್‌ಎಫ್-22 ಶೀಶೆಯ ಮೇಲೂ ‘ಆರ್‌ಎಲ್‌ಎಂ ಗ್ರೇ’ ಎಂದಷ್ಟೇ ಇರುತ್ತದೆ, ಸಂಖ್ಯೆ ಇರುವುದಿಲ್ಲ. ಹೊಸಬರು ಅದನ್ನು ‘ಜರ್ಮನ್ ವಿಮಾನದ ಬೂದು’ ಎಂದು ಓದಿಕೊಂಡು 1943ರ ಯುದ್ಧವಿಮಾನ ಮೆಸ್ಸರ್‌ಶ್ಮಿಟ್‌ನ ಮೂಗಿನಿಂದ ಬಾಲದವರೆಗೆ ಬಳಿಯುತ್ತಾರೆ. ಆ ವಿಮಾನದ ಮೈಮೇಲಿದ್ದ ಬೂದುಗಳು ಬೇರೆ: ಮೇಲೆ 74 ಮತ್ತು 75, ಕೆಳಗೆ ಮತ್ತು ಪಕ್ಕಕ್ಕೆ 76.

02 ಬೂದೆನ್ನುವುದೂ ಪೂರ್ತಿ ನಿಜವಲ್ಲ. ಶೀಶೆಯ ಮುಚ್ಚಳ ತೆರೆದು ಬಿಳಿ ಪ್ಲಾಸ್ಟಿಕ್ಕಿನ ತುಂಡಿನ ಮೇಲೆ ಒಂದು ಹನಿ ಬಿಟ್ಟು, ಪಕ್ಕದಲ್ಲಿ ಪ್ರೈಮರ್‌ನ ಅಪ್ಪಟ ಬೂದಿನ ಹನಿ ಇಡಿ. 02 ತಟ್ಟನೆ ಹಸಿರಿಗೆ ತಿರುಗುತ್ತದೆ. ಮುಖ್ಯವಾಗಿ ಅದು ಒಳಗಿನ ಬಣ್ಣ: ಚಕ್ರದ ಗೂಡು, ಲ್ಯಾಂಡಿಂಗ್ ಗೇರಿನ ಕಾಲು, ಯುದ್ಧದ ಮೊದಲ ವರ್ಷಗಳ ಕಾಕ್‌ಪಿಟ್. 1941ರಿಂದ ಕಾಕ್‌ಪಿಟ್‌ಗೆ ಕಪ್ಪುಬೂದು 66 ಬಂತು. ಹೊರಮೈಯಲ್ಲಿ 02 ಮೆರೆದದ್ದು 1940ರಲ್ಲಿ, ಬ್ರಿಟನ್ ಮೇಲಿನ ವಾಯುಯುದ್ಧದ ಹೊತ್ತಿಗೆ. ಮೆಸ್ಸರ್‌ಶ್ಮಿಟ್ ಬಿಎಫ್ 109ಇ ವಿಮಾನಗಳ ರೆಕ್ಕೆಯ ಮೇಲೆ 71ರ ಹಸಿರಿಗೆ ಜೊತೆಯಾಗಿ 02, ಪಕ್ಕಗಳಲ್ಲಿ ಮೇಲೆ ತನಕ ಏರಿದ 65ರ ತಿಳಿನೀಲಿ. ನನ್ನ ಕಣ್ಣಿಗೆ ಜರ್ಮನ್ ವಿಮಾನಗಳು ತೊಟ್ಟ ಉಡುಗೆಗಳಲ್ಲಿ ಅದೇ ಚೆಂದ. ಅದಕ್ಕೆ ಮುಂಚಿನ 70 ಮತ್ತು 71ರ ಜೋಡಿ ಎಷ್ಟು ಕಡುವೆಂದರೆ ಸ್ಟೂಕಾ ಬಾಂಬರ್‌ನ ಮಾಡೆಲ್ ಅನ್ನು ಎರಡಡಿ ದೂರದಿಂದ ನೋಡಿದರೆ ಎರಡು ಹಸಿರಿವೆ ಎಂದೇ ತಿಳಿಯುವುದಿಲ್ಲ. ಸಾಲದ್ದಕ್ಕೆ, ಪ್ರೊಪೆಲ್ಲರ್ ಅಲಗುಗಳಿಗೂ 70ನ್ನೇ ಬಳಿಯುತ್ತಿದ್ದರು. ಅದನ್ನು ಕಪ್ಪೆಂದು ಭಾವಿಸಿ ಕಪ್ಪು ಬಳಿಯುವವರು ಇಂದಿಗೂ ಇದ್ದಾರೆ.

ಶೀಶೆಯ ಸಂಖ್ಯೆ ಬೇರೆ, ಛಾಯೆಯ ಸಂಖ್ಯೆ ಬೇರೆ ಎನ್ನುವುದನ್ನೂ ಹೇಳಿಬಿಡಬೇಕು. ಮಿಸ್ಟರ್ ಹಾಬಿ ಕಂಪನಿಯ ನೀರಿನ ಬಣ್ಣಗಳಲ್ಲಿ ಎಚ್-70 ಎಂದು ಬರೆದ ಶೀಶೆಯೊಳಗೆ ಇರುವುದು ಆರ್‌ಎಲ್‌ಎಂ 02. ಆರ್‌ಎಲ್‌ಎಂ 70 ಬೇಕಿದ್ದರೆ ಕೊಳ್ಳಬೇಕಾದ್ದು ಎಚ್-65. ಆರ್‌ಎಲ್‌ಎಂ 65 ಬೇಕೆ? ಅದು ಎಚ್-67. ‘ಎಪ್ಪತ್ತು ಮತ್ತು ಅರವತ್ತೈದು ತಂದುಕೊಡಿ’ ಎಂದು ಸ್ನೇಹಿತರಿಗೆ ಹೇಳಿ ಕಳುಹಿಸಿದರೆ ಮನೆಗೆ ಬರುವುದು ಕಾಕ್‌ಪಿಟ್‌ನ ಬೂದು ಮತ್ತು ಪ್ರೊಪೆಲ್ಲರ್‌ನ ಕಪ್ಪುಹಸಿರು.

ಹೆಸರುಗಳನ್ನು ಕನ್ನಡಿಸಿಕೊಂಡು ಬಣ್ಣ ಆರಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ. 75ರ ಹೆಸರು ಗ್ರೌವಿಯೊಲೆಟ್, 81ರ ಹೆಸರು ಬ್ರೌನ್‌ವಿಯೊಲೆಟ್. ‘ಬೂದುನೇರಳೆ’, ‘ಕಂದುನೇರಳೆ’ ಎಂದು ಓದಿದ್ದೇ ತಡ, ಬೂದಿಗೆ ಒಂದಿಷ್ಟು ನೇರಳೆ ಬೆರೆಸಿಬಿಡುತ್ತಾರೆ. ಸ್ಪರ್ಧೆಗಳ ಮೇಜಿನ ಮೇಲೆ ಬದನೆಕಾಯಿ ಬಣ್ಣದ ಫೊಕ್ಕೆ-ವುಲ್ಫ್‌ಗಳು ನಿಂತಿರುವುದು ಈ ಕಾರಣಕ್ಕೆ. 75 ಮಧ್ಯಮ ಬೂದು. ಪಕ್ಕದಲ್ಲಿ ಹಸಿರು ಮಿಶ್ರಿತ 74 ಇದ್ದಾಗ ಅದರಲ್ಲಿ ನೇರಳೆಯ ಸುಳಿವು ಕಂಡೀತು, ಅಷ್ಟೇ. 81 ನೋಡಲು ಆಲಿವ್ ಕಂದು. 65 ಮತ್ತು 78 ಎರಡೂ ‘ಹೆಲ್‌ಬ್ಲೌ’, 76 ‘ಲಿಖ್ಟ್‌ಬ್ಲೌ’. ಕನ್ನಡಕ್ಕೆ ತಂದರೆ ಮೂರೂ ತಿಳಿನೀಲಿಯೇ. ಆದರೆ 65ರಲ್ಲಿ ಹಸಿರಿನ ಒಲವು, 76ರಲ್ಲಿ ಬೂದಿನ ಒಲವು. 78 ಮೆಡಿಟರೇನಿಯನ್ ಮತ್ತು ಆಫ್ರಿಕಾದ ಆಕಾಶಕ್ಕೆಂದು ಬಂದ ಗಾಢ ನೀಲಿ, ಅದರ ಮೇಲೆ 79ರ ಮರಳು ಹಳದಿ. ಹೆಸರು ನೋಡಿ ಶೀಶೆ ಕೊಳ್ಳಬೇಡಿ, ಸಂಖ್ಯೆ ನೋಡಿ.

ಸಂಖ್ಯೆಯೂ ಕೈಕೊಡುವ ಜಾಗವೊಂದಿದೆ, 1944. ಆ ಬೇಸಿಗೆಯಲ್ಲಿ ಹೊರಬಿದ್ದ ಸುತ್ತೋಲೆಗಳಲ್ಲಿ 81 ಮತ್ತು 82 ಎಂಬ ಹೊಸ ಛಾಯೆಗಳು ಬಂದವು. ಜೊತೆಗೆ, ಇವುಗಳ ಬಣ್ಣದ ಮಾದರಿ ಹಾಳೆಯನ್ನು ಕಳುಹಿಸಲಾಗುವುದಿಲ್ಲ ಎಂಬ ಒಕ್ಕಣೆಯೂ ಬಂತು. ಮಾದರಿಯೇ ಇಲ್ಲದ ಮೇಲೆ ಒಂದು ಕಾರ್ಖಾನೆಯ 81 ಇನ್ನೊಂದರದಕ್ಕೆ ಹೋಲುವುದಾದರೂ ಹೇಗೆ? ಕಾಗದಗಳಲ್ಲಿ ಅದರ ಹೆಸರೂ ಒಂದೊಂದು ಕಡೆ ಒಂದೊಂದು. ಹಳೆಯ ದಾಸ್ತಾನು ಮುಗಿಸಿ ಎಂಬ ಆದೇಶವಂತೂ ಇದ್ದೇ ಇತ್ತು. ‘ನಿಮ್ಮ ಮಿ 262ರ 81 ಸ್ವಲ್ಪ ಹಸಿರಾಯಿತು’ ಎಂದು ತೀರ್ಪುಗಾರರು ಅಂಕ ಕಡಿಮೆ ಮಾಡಿದರೆ ಮಾದರಿ ಹಾಳೆ ತೋರಿಸಿ ಎಂದು ಧಾರಾಳವಾಗಿ ಕೇಳಬಹುದು. 83ರ ಕಥೆ ಇನ್ನೂ ವಿಚಿತ್ರ. ಕಡುಹಸಿರು ಎಂದು ದಶಕಗಳಿಂದ ಶೀಶೆಗಳಲ್ಲಿ ಮಾರಾಟವಾಗುತ್ತಿರುವ ಬಣ್ಣಕ್ಕೆ ಆ ಸಂಖ್ಯೆ ಅಂಟಿಸಿದ್ದು ಯುದ್ಧಾನಂತರದ ಸಂಶೋಧಕರು. ಈಚೆಗೆ ಸಿಕ್ಕ ದಾಖಲೆಗಳ ಆಧಾರದ ಮೇಲೆ 83 ಕಡುನೀಲಿ ಎಂಬ ವಾದ ಬಲವಾಗಿದೆ. ಶೀಶೆಗಳು ಇನ್ನೂ ಹಸಿರಾಗಿಯೇ ಇವೆ.

ಮೈಯ ಹೊಳಪಿನ ಬಗ್ಗೆ ಆರ್‌ಎಲ್‌ಎಂ ಎಂಬ ಪದ ಏನೂ ಹೇಳುವುದಿಲ್ಲ. ಛಾಯೆಯ ಸಂಖ್ಯೆಯೂ ಹೇಳುವುದಿಲ್ಲ. ಕಾಗದಗಳಲ್ಲಿ 7122.70 ಎಂಬಂಥ ಬರಹ ಕಾಣುತ್ತದೆ. ಚುಕ್ಕೆಯ ಹಿಂದಿನದು ಲ್ಯಾಕರ್ ಯಾವುದು ಎಂಬುದರ ಸಂಖ್ಯೆ, ಮುಂದಿನದು ಬಣ್ಣದ್ದು. ಎಂಥ ಲೇಪ ಎನ್ನುವುದು ಚುಕ್ಕೆಯ ಹಿಂದೆಯೇ ಉಳಿಯಿತು. ನಮ್ಮ ಕೈಗೆ ಬಂದದ್ದು ಮುಂದಿನ ಎರಡಂಕಿ ಮಾತ್ರ. ಆದ್ದರಿಂದ ‘ಆರ್‌ಎಲ್‌ಎಂ ಮ್ಯಾಟ್’ ಎಂಬುದೂ ಅರ್ಥವಿಲ್ಲದ ಮಾತು. ಮರೆಮಾಚುವ ಬಣ್ಣ ಬಿಸಿಲಿಗೆ ಮಿನುಗಬಾರದು, ಹಾಗಾಗಿ ಮಂಕು, ಸರಿ. ಆದರೆ ವಿಮಾನದ ಮಂಕು ಕರಿಹಲಗೆಯ ಮಂಕಲ್ಲ. ಬಿಎಫ್ 109ಜಿ ರೆಕ್ಕೆಯ ಅಗಲ ಹತ್ತಿರಹತ್ತಿರ 9.9 ಮೀಟರ್; 1/72 ಪ್ರಮಾಣದ ಮಾಡೆಲ್‌ನಲ್ಲಿ ಅದು 14 ಸೆಂಟಿಮೀಟರೂ ಇಲ್ಲ. ಅಷ್ಟು ಪುಟ್ಟ ವಸ್ತುವಿಗೆ ಅಪ್ಪಟ ಮ್ಯಾಟ್ ಹೊಡೆದರೆ ಸೀಮೆಸುಣ್ಣದ ಗೊಂಬೆಯಾಗುತ್ತದೆ. ಸ್ಯಾಟಿನ್‌ಗೆ (ಅರೆಹೊಳಪಿಗೆ) ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವುದು ನನ್ನ ಪದ್ಧತಿ. ಮೆಕ್ಯಾನಿಕ್‌ಗಳು ಹತ್ತಿಳಿಯುವ ರೆಕ್ಕೆಯ ಬುಡದಲ್ಲಿ ಬೆರಳಿನಿಂದ ಉಜ್ಜಿ ತುಸು ಹೊಳಪು ತರಿಸಿದರೆ ಇನ್ನೂ ಒಳ್ಳೆಯದು.

ಬಣ್ಣ ಮಂಕೇ ಇರಲಿ, ಡಿಕಾಲ್, ಅಂದರೆ ಗುರುತುಗಳ ತೆಳು ಹಾಳೆ, ಅಂಟಿಸುವ ಮುನ್ನ ಮೈ ಹೊಳಪಾಗಲೇಬೇಕು. ಒರಟು ಮೈಯ ಕುಳಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡಿಕಾಲ್‌ನ ಶಿಲುಬೆ ಗುರುತಿನ ಸುತ್ತ ಬೆಳ್ಳಿಯಂಥ ಅಂಚು ಮೂಡುತ್ತದೆ, ಆಮೇಲೆ ಯಾವ ದ್ರಾವಣ ಹಚ್ಚಿದರೂ ಪೂರ್ತಿ ಹೋಗುವುದಿಲ್ಲ. ತಮಿಯಾದ ಪಾರದರ್ಶಕ ಹೊಳಪಿನ ಶೀಶೆ ಎಕ್ಸ್-22. ‘ಆರ್‌ಎಲ್‌ಎಂ ಗ್ರೇ’ ಎಕ್ಸ್‌ಎಫ್-22. ನಡುವೆ ಒಂದು ಎಫ್ ಅಷ್ಟೇ, ಮುಚ್ಚಳ ನೋಡಿಯೇ ಕೈ ಹಾಕಿ. ಅದರ ಪಕ್ಕದ ಎಕ್ಸ್-21 ಎಂಬ ಫ್ಲಾಟ್ ಬೇಸ್ ಬಣ್ಣವೂ ಅಲ್ಲ, ವಾರ್ನಿಶೂ ಅಲ್ಲ. ಹೊಳಪಿನ ಬಣ್ಣಕ್ಕೆ ಬೆರೆಸಿ ಮಂಕಾಗಿಸುವ ಪುಡಿಯ ದ್ರಾವಣ. ಅದನ್ನೇ ನೇರವಾಗಿ ಸಿಂಪಡಿಸಿದರೆ 74, 75, 76 ಎಲ್ಲವೂ ಒಂದೇ ಬಿಳಿ ಹಿಮದಡಿ ಸೇರುತ್ತವೆ. ಎಕ್ಸ್-22ಕ್ಕೆ ಸ್ವಲ್ಪವೇ ಬೆರೆಸಿ, ಬಿಡಿ ಪ್ಲಾಸ್ಟಿಕ್ಕಿನ ಮೇಲೆ ಪರೀಕ್ಷಿಸಿ ಹೊಡೆಯಿರಿ. ಅಥವಾ ಸಿದ್ಧ ಮ್ಯಾಟ್ ಎಕ್ಸ್‌ಎಫ್-86 ತನ್ನಿ. ಲ್ಯಾಕರ್ ಬಳಸುವವರು ಮಳೆಗಾಲದ ಸಂಜೆಗಳನ್ನು ಬಿಟ್ಟುಬಿಡಿ. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲುಗಟ್ಟುತ್ತದೆ.

ಇನ್ನು ‘ಸ್ಕೇಲ್ ಎಫೆಕ್ಟ್’ ಎಂದು ಪ್ರತಿ ಬಣ್ಣಕ್ಕೂ ಬಿಳಿ ಸುರಿಯುವವರು. ದೂರದ ವಸ್ತು ತಿಳಿಯಾಗಿ ಕಾಣುತ್ತದೆ, ಚಿಕ್ಕ ಮಾಡೆಲ್‌ಗೆ ಕಡುಬಣ್ಣ ಭಾರವಾಗುತ್ತದೆ ಎಂಬುದು ಒಪ್ಪುವ ಮಾತೇ. 70 ಮತ್ತು 71ಕ್ಕೆ ಹತ್ತಕ್ಕೊಂದು ಪಾಲು ತಿಳಿಬೂದು ಬೆರೆಸಿ, ಎರಡು ಹಸಿರೂ ಬೇರೆಯಾಗಿ ಕಂಡಾವು. 76ಕ್ಕೆ ಬಿಳಿ ಬೆರೆಸಿದರೆ ಉಳಿಯುವುದು ಬಿಳಿ. ಹಳದಿ 04ಕ್ಕೂ ಕೆಂಪು 23ಕ್ಕೂ ಕೈ ಹಚ್ಚಬೇಡಿ: ಮೂಗಿನಡಿಯ ಹಳದಿ, ಬಾಲದ ಹಳದಿ ಇದ್ದದ್ದೇ ಎದ್ದು ಕಾಣಲಿ, ತಮ್ಮವರೇ ತಮ್ಮವರ ಮೇಲೆ ಗುಂಡು ಹಾರಿಸದಿರಲಿ ಎಂದು.