ಎರಡು ಲಕ್ಷದ ಅಂಚು

ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಯಕ್ಷಗಾನದ ಹರಕೆ ಆಟ ಇತ್ತು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ಅದರ ಹಿಂದೆ ವೇಷ ಕಟ್ಟಿಕೊಳ್ಳಲು ಮರೆ ಮಾಡಿದ ಚೌಕಿ. ನಾನು ಎರಡು ಲೆನ್ಸ್ ಒಯ್ದಿದ್ದೆ. ಒಂದು ನನ್ನದೇ, ಕ್ಯಾನನ್ 50 ಮಿ.ಮೀ., ಎಫ್ 1.8. ತೂಕ 160 ಗ್ರಾಂ, ಅಂಗಿ ಜೇಬಿನಲ್ಲಿ ಹಿಡಿಸುತ್ತದೆ. ಇನ್ನೊಂದು ಶಿವಮೊಗ್ಗದಿಂದ ಬಾಡಿಗೆಗೆ ತಂದದ್ದು. ಅದೂ ಕ್ಯಾನನ್, ಅದೂ 50 ಮಿ.ಮೀ., ಆದರೆ ಎಫ್ 1.2. ತೂಕ 950 ಗ್ರಾಂ. ಬೆಲೆ ಎರಡು ಲಕ್ಷದ ಆಸುಪಾಸು. ನನ್ನದನ್ನು ಅದರ ಹತ್ತನೇ ಒಂದು ಪಾಲಿಗೆ ಕೊಂಡಿದ್ದೆ.

ಬಾಡಿಗೆ ಕೊಟ್ಟ ಹುಡುಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ತೋರಿಸಿದ. "ನೋಡ್ಕೊಳ್ಳಿ ಸಾರ್, ಒಂದು ಚುಕ್ಕೆ ಬೂಷ್ಟಿಲ್ಲ. ವಾಪಸ್ ತರುವಾಗಲೂ ಹೀಗೇ ಇರ್ಬೇಕು." ಒಂದು ರಾತ್ರಿಯಲ್ಲಿ ಎಂಥ ಬೂಷ್ಟು ಬರುತ್ತೆ ಮಾರಾಯ ಅಂತ ನಗು ಬಂತು. ಆದರೂ ತಲೆ ಆಡಿಸಿದೆ.

ಎರಡೂ ಒಂದೇ ದೃಶ್ಯವನ್ನು ಒಂದೇ ಅಳತೆಯಲ್ಲಿ ತೋರಿಸುತ್ತವೆ. ಹಾಗಾದರೆ ಹತ್ತು ಪಟ್ಟು ದುಡ್ಡು ಯಾವುದಕ್ಕೆ?

ಎಫ್ ನಂಬರ್ ಅಂದರೆ ಒಂದು ಸಣ್ಣ ಭಾಗಾಕಾರ. ಲೆನ್ಸಿನ ಫೋಕಲ್ ಲೆಂತ್ ಅನ್ನು, ಅಂದರೆ ಇಲ್ಲಿನ ಆ 50 ಮಿ.ಮೀ. ಅನ್ನು, ಅದರ ಬಾಯಿಯ ಅಗಲದಿಂದ ಭಾಗಿಸಿದರೆ ಬರುವ ಉತ್ತರ. ಬಾಯಿ ಅಂದರೆ ಮುಂದಿನಿಂದ ನೋಡಿದಾಗ ಬೆಳಕು ಒಳಗೆ ಹೋಗಲು ಕಾಣುವ ತೂತು. 50 ಮಿ.ಮೀ. ಲೆನ್ಸ್ ಎಫ್ 1.8 ಆಗಿದ್ದರೆ ಆ ತೂತು ಸುಮಾರು 28 ಮಿ.ಮೀ. ಹತ್ತು ರೂಪಾಯಿ ನಾಣ್ಯಕ್ಕಿಂತ ಕೂದಲೆಳೆ ದೊಡ್ಡದು. ಎಫ್ 1.2 ಆದರೆ ಸುಮಾರು 42 ಮಿ.ಮೀ., ಸಿಪ್ಪೆ ಸಮೇತ ಹಣ್ಣಡಿಕೆಯಷ್ಟು ಅಗಲ.

ಅಗಲ ಒಂದೂವರೆ ಪಟ್ಟಾಯಿತು. ಬೆಳಕು ಎಷ್ಟು ಪಟ್ಟಾಯಿತು? ಇದನ್ನು ಅಕ್ಕಿರೊಟ್ಟಿ ತಟ್ಟುವವರನ್ನು ಕೇಳಬೇಕು. ರೊಟ್ಟಿಯ ಅಗಲ ಒಂದೂವರೆ ಪಟ್ಟು ಬೇಕಾದರೆ ಹಿಟ್ಟು ಎರಡೂಕಾಲು ಪಟ್ಟು ಬೇಕು. ಬೆಳಕಿನದೂ ಅದೇ ಲೆಕ್ಕ. ಇನ್ನೂ ಒಂದು ಮಜಾ ಇದೆ. ದುಬಾರಿ ಲೆನ್ಸಿನ ಒಳಗೆ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಅಂಚಿನ ಉಂಗುರದಿಂದ. ಆ ಉಂಗುರದ ಅಗಲ ಬರೀ ಏಳು ಮಿಲಿಮೀಟರ್. ನಡುವಿನದೆಲ್ಲ ಅಗ್ಗದ ಲೆನ್ಸಿನಲ್ಲೂ ಇದ್ದದ್ದೇ. ನಾವು ಎರಡು ಲಕ್ಷ ಕೊಡುವುದು ಆ ಏಳು ಮಿಲಿಮೀಟರಿಗೆ.

ರೊಟ್ಟಿ ಸೀಳುವುದೂ ಅಂಚಿನಲ್ಲೇ ಅಲ್ವಾ? ಗಾಜಿನ ತೊಂದರೆಯೂ ಅಲ್ಲೇ. ನಡುವಿನಿಂದ ಬಂದ ಬೆಳಕು ಹೆಚ್ಚು ಬಾಗಬೇಕಿಲ್ಲ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನ ಹಾಗೆ ಸಲೀಸಾಗಿ ಬರುತ್ತದೆ. ಅಂಚಿನ ಬೆಳಕು ಆಗುಂಬೆ ಘಾಟಿ ಇಳಿಯುವ ಬಸ್ಸು. ತಟ್ಟನೆ ತಿರುಗಬೇಕು. ಚೆಂಡಿನಂತೆ ಗುಂಡಗೆ ಉಜ್ಜಿದ ಗಾಜು ಈ ಅಂಚಿನ ಬೆಳಕನ್ನು ಬೇಕಾದ್ದಕ್ಕಿಂತ ಜಾಸ್ತಿ ಬಾಗಿಸುತ್ತದೆ. ಅದು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮುಟ್ಟುವ ಮೊದಲೇ ಒಂದುಗೂಡಿ, ಸೆನ್ಸರ್ ಮೇಲೆ ಬೀಳುವಾಗ ಹರಡಿಕೊಂಡಿರುತ್ತದೆ. ಇದೇ ಸ್ಫೆರಿಕಲ್ ಅಬೆರೇಶನ್. ಈ ಮಸುಕು ಬಾಯಿಯ ಅಗಲದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ಅಗಲ ಒಂದೂವರೆ ಪಟ್ಟಾದರೆ ಮಸುಕು ಮೂರು ಪಟ್ಟಿಗೂ ಜಾಸ್ತಿ. ಅಂದರೆ ಬೆಳಕಿಗಿಂತ ತಪ್ಪು ಬೇಗ ಬೆಳೆಯುತ್ತದೆ.

ಆ ತಪ್ಪು ತಿದ್ದಲು ಗಾಜಿನ ಮೇಲೆ ಗಾಜು ಬೇಕು. ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ 1896ರಲ್ಲಿ ಪ್ಲಾನಾರ್ ಎಂಬ ಆರು ಗಾಜಿನ ಲೆನ್ಸ್ ರೂಪಿಸಿದರು. ಇವತ್ತಿನ ಅಗ್ಗದ 1.8 ಲೆನ್ಸುಗಳು ಬಹುಮಟ್ಟಿಗೆ ಅದರ ಮೊಮ್ಮಕ್ಕಳು. ನನ್ನದರಲ್ಲೂ ಆರೇ ಗಾಜು. ಬಾಡಿಗೆಯದರಲ್ಲಿ 15. ನಿಕಾನ್ 2019ರಲ್ಲಿ ಎಫ್ 0.95ರ ಒಂದು ಲೆನ್ಸ್ ತಂದಿತು, ಅದರಲ್ಲಿ 17 ಗಾಜು, ತೂಕ ಎರಡು ಕೆಜಿ. ಅಷ್ಟಾದರೂ ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು! ಗಾಜು ಹೆಚ್ಚಾದರೆ ಅದರದೇ ಇನ್ನೊಂದು ತಲೆನೋವು. ಲೇಪನ ಇಲ್ಲದ ಗಾಜಿನ ಪ್ರತಿ ಮೈಯಲ್ಲೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಅಂಥ 18 ಮೈ ದಾಟುವಷ್ಟರಲ್ಲಿ ಅರ್ಧ ಬೆಳಕು ಹೋಗಿರುತ್ತದೆ. ಅದಕ್ಕೇ ಒಳ್ಳೆಯ ಲೇಪನ ಬೇಕು, ಅದಕ್ಕೂ ದುಡ್ಡು.

ಬರೀ ದೊಡ್ಡ ಬಾಯಿ ಬೇಕು ಅಂದರೆ ಅದು ಅಗ್ಗಕ್ಕೂ ಸಿಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ಚೀನಾದ ಕಂಪನಿಗಳು ಎಫ್ 0.95 ಲೆನ್ಸುಗಳನ್ನು ಇಪ್ಪತ್ತು ಸಾವಿರದ ಆಸುಪಾಸಿಗೆ ಮಾರುತ್ತವೆ. ಪೂರ್ತಿ ತೆರೆದರೆ ಚಿತ್ರದ ಮೇಲೆ ತೆಳ್ಳಗೆ ಮಂಜು ಕವಿದ ಹಾಗೆ, ದೀಪದ ಸುತ್ತ ನೇರಳೆ ಅಂಚು. ತೂತು ಅಗ್ಗ, ತಿದ್ದುಪಡಿ ದುಬಾರಿ.

ಇನ್ನು ಎರಡೂಕಾಲು ಪಟ್ಟು ಬೆಳಕಿನಿಂದ ಚಿತ್ರ ಎಷ್ಟು ಚೆನ್ನಾಗುತ್ತದೆ? ಅಂಗಳದಲ್ಲಿ ಸಾಲಾಗಿ ಲೋಟ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದಿಷ್ಟು ಹನಿ ಬಿದ್ದು ನಿಂತರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು, ಇನ್ನೊಂದು ಖಾಲಿ. ಆಷಾಢದ ಜಡಿಮಳೆ ಹೊಡೆದರೆ ಎಲ್ಲ ಲೋಟದಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಸೆನ್ಸರಿನ ಚುಕ್ಕೆಗಳು ಈ ಲೋಟಗಳು, ಬೆಳಕಿನ ಕಣಗಳಾದ ಫೋಟಾನುಗಳು ಹನಿ. ಕತ್ತಲ ಫೋಟೋದಲ್ಲಿ ಕಾಣುವ ಕಾಳುಕಾಳು ಅಂದರೆ ಲೋಟಗಳ ಈ ಏರುಪೇರು. 100 ಫೋಟಾನ್ ಬಿದ್ದಲ್ಲಿ ಏರುಪೇರು ಸುಮಾರು 10, ಅಂದರೆ ಹತ್ತರಲ್ಲಿ ಒಂದು ಪಾಲು. 225 ಬಿದ್ದಲ್ಲಿ ಸುಮಾರು 15, ಹದಿನೈದರಲ್ಲಿ ಒಂದು ಪಾಲು. ಬೆಳಕು ಎರಡೂಕಾಲು ಪಟ್ಟಾದರೂ ಚಿತ್ರ ಒಂದೂವರೆ ಪಟ್ಟೇ ಶುಭ್ರ.

ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡೇ ರಂಗಸ್ಥಳದ ಮುಂದೆ ಕೂತೆ. ಎಲ್‌ಇಡಿ ದೀಪಗಳು ಕಣ್ಣಿಗೆ ಹೊಡೆಯುವಷ್ಟಿದ್ದವು. ನನ್ನ ಹಳೇ ಲೆನ್ಸಿಗೆ ಶಟರ್ 1/500 ಸೆಕೆಂಡ್, ಐಎಸ್ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 1600 ಸಾಕಾಯಿತು. ಬಾಡಿಗೆಯದಕ್ಕೆ ಐಎಸ್ಒ 800ಕ್ಕೆ ಇಳಿಸಬಹುದಿತ್ತು. ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಗೊತ್ತಾದದ್ದು ಬೇರೆ ವಿಷಯ. ಆರು ಮೀಟರ್ ದೂರದಲ್ಲಿ ಎಫ್ 1.2ಕ್ಕೆ ಸ್ಪಷ್ಟವಾಗಿ ಸಿಗುವುದು ಸುಮಾರು ಒಂದು ಮೀಟರ್ ಆಳ ಮಾತ್ರ. ಮುಂದೆ ಮಂಡಿ ಹಾಕುತ್ತಿದ್ದ ವೇಷ ಚೆನ್ನಾಗಿ ಬಂತು, ಹಿಂದೆ ಕೂತ ಭಾಗವತರು ಮಸುಕು. ಇಡೀ ರಾತ್ರಿ ಆಟ ನಡೆಸುವವರನ್ನೇ ಅಳಿಸಿಹಾಕುವುದು ಯಾವ ನ್ಯಾಯ?

ಚೌಕಿಗೆ ಹೋದೆ. ಅಲ್ಲಿ ಒಂದೇ ಬಲ್ಬು. ಕಲಾವಿದರೊಬ್ಬರು ಕೈಗನ್ನಡಿ ಹಿಡಿದು ಹಣೆಯ ಮೇಲೆ ಕಡ್ಡಿಯಿಂದ ನಾಮ ಎಳೆಯುತ್ತಿದ್ದರು. ಇಂಥ ಕಡೆಗೇ ಅಲ್ವಾ ಈ ಲೆನ್ಸ್ ಹುಟ್ಟಿದ್ದು ಅಂತ ಪೂರ್ತಿ ತೆರೆದು ಒಂದು ಮೀಟರ್ ದೂರದಿಂದ ತೆಗೆದೆ. ಅಷ್ಟು ಹತ್ತಿರದಲ್ಲಿ ಎಫ್ 1.2ರ ಆಳ ಮೂರು ಸೆಂಟಿಮೀಟರಿಗೂ ಕಡಿಮೆ. ಕಣ್ಣು ರೆಪ್ಪೆಯ ಕೂದಲು ಸಮೇತ ಬಂತು. ಕಡ್ಡಿ ಹಿಡಿದ ಬೆರಳು ಮೋಡ. ಆದರೆ ಚಿತ್ರ ಇದ್ದದ್ದು ಕಡ್ಡಿಯ ತುದಿಯಲ್ಲಿ. ಬಾಯಿಯನ್ನು ಎಫ್ 2.8ಕ್ಕೆ ಮುಚ್ಚಿದೆ. ಕೂತು ಬಣ್ಣ ಹಚ್ಚಿಕೊಳ್ಳುವವರು ಅಲ್ಲಾಡುವುದಿಲ್ಲ, ಶಟರ್ 1/60 ಇಟ್ಟರೂ ನಡೆಯುತ್ತದೆ. ಚಿತ್ರ ಬಂತು. ಬಾಡಿಗೆ ಕೊಟ್ಟು ತಂದ ಉಂಗುರವನ್ನು ನಾನೇ ಮುಚ್ಚಿದ್ದೆ.

ಬೆಳಗಿನ ಜಾವ ಮೂರರ ಹೊತ್ತಿಗೆ ರಕ್ಕಸ ವೇಷದ ಪ್ರವೇಶ. ಹಳೇ ಕ್ರಮದಲ್ಲೇ ಆಗಲಿ ಅಂತ ಹರಕೆಯವರ ಆಸೆ. ಕರೆಂಟ್ ದೀಪ ಆರಿಸಿದರು. ಎರಡು ದೊಂದಿ, ಚಂಡೆ, ಕತ್ತಲು. ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ, ಮರುಕ್ಷಣ ಮತ್ತೆ ಕತ್ತಲು. ಆ ಎರಡು ಬೆಂಕಿಗಳ ನಡುವಿನ ಕೆಂಪು ಬೆಳಕೇ ಚೆಂದ. ಎಫ್ 1.2, ಶಟರ್ 1/250, ಐಎಸ್ಒ 6400. ಕಿರೀಟದ ಕೆಳಗೆ ಒಂದು ಕಣ್ಣು, ಅರ್ಧ ಮುಖದ ಬಣ್ಣ, ಉಳಿದದ್ದೆಲ್ಲ ಕಪ್ಪು. ನನ್ನ 1.8ಕ್ಕೆ ಶಟರ್ ಅನ್ನು 1/110ಕ್ಕೆ ಇಳಿಸಬೇಕಿತ್ತು, ಆ ಕುಣಿತದಲ್ಲಿ ಮುಖವೆಲ್ಲ ಕಲಸಿಹೋಗುತ್ತಿತ್ತು. ಕತ್ತಲೂ ಇರಬೇಕು, ಓಡಾಟವೂ ಇರಬೇಕು, ನೋಡಬೇಕಾದ ಮುಖ ಒಂದೇ ಇರಬೇಕು. ಈ ಮೂರೂ ಕೂಡಿದ್ದು ಇಡೀ ರಾತ್ರಿಯಲ್ಲಿ ಹತ್ತೇ ನಿಮಿಷ. ಆ ಹತ್ತು ನಿಮಿಷ ಲೆನ್ಸ್ ತನ್ನ ಬೆಲೆ ತೋರಿಸಿತು, ಇಲ್ಲ ಅನ್ನುವುದಿಲ್ಲ.

ಬೆಂಕಿಯ ಬೆಳಕು ಅಂದಾಗ ಒಂದು ಹಳೇ ಕಥೆ ಹೇಳಲೇಬೇಕು. ಜೈಸ್ 1966ರಲ್ಲಿ ನಾಸಾದ ಚಂದ್ರನ ಕೆಲಸಕ್ಕೆಂದು 50 ಮಿ.ಮೀ., ಎಫ್ 0.7ರ ಲೆನ್ಸ್ ಮಾಡಿತು. ಮಾಡಿದ್ದು ಹತ್ತೇ ಹತ್ತು. ಅದರಲ್ಲಿ ಮೂರನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊಂಡು, 1975ರಲ್ಲಿ ತೆರೆಕಂಡ 'ಬ್ಯಾರಿ ಲಿಂಡನ್' ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲೇ ತೆಗೆದರು. ಆಗಿನ ಫಿಲ್ಮಿನ ವೇಗ, ಅಂದರೆ ಈಗಿನ ಐಎಸ್ಒ, 100; ತೊಳೆಯುವಾಗ ಒತ್ತಾಯ ಮಾಡಿ 200ಕ್ಕೆ ಏರಿಸಿದ್ದರು. ಈಗ ಲೆಕ್ಕ ಹಾಕಿ. ನನ್ನ ಕ್ಯಾಮೆರಾ ಐಎಸ್ಒ 6400ರಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತದೆ, ಅದು 200ರ 32 ಪಟ್ಟು. ಎಫ್ 1.8 ಲೆನ್ಸು ಎಫ್ 0.7ಕ್ಕಿಂತ ಆರೂವರೆ ಪಟ್ಟು ಕಡಿಮೆ ಬೆಳಕು ಕೊಡುತ್ತದೆ. ಕಳೆದು ಕೂಡಿ ನೋಡಿದರೆ, ನನ್ನ ಜೇಬಿನ ಲೆನ್ಸು ಇವತ್ತಿನ ಸೆನ್ಸರಿನ ಜೊತೆ ಸೇರಿ ಆ ಚಂದ್ರನ ಲೆನ್ಸಿಗಿಂತ ಸುಮಾರು ಐದು ಪಟ್ಟು ಕತ್ತಲಲ್ಲಿ ಕೆಲಸ ಮಾಡಬಲ್ಲದು. ಫಿಲ್ಮಿನ ಕಾಲದಲ್ಲಿ ದೊಡ್ಡ ಬಾಯಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕ್ಯಾನನ್ 1961ರಲ್ಲೇ 0.95 ಮಾಡಿದ್ದು ಅದಕ್ಕೇ.

ಇದನ್ನೆಲ್ಲ ಹೇಳಿದರೆ ಗೆಳೆಯನೊಬ್ಬ ತನ್ನ ಫೋನ್ ತೆಗೆದು, "ಇದೂ ಎಫ್ 1.8, ನಿಂದೂ ಎಫ್ 1.8, ಮತ್ತೆ ನಿಂದೆಂಥ ದೊಡ್ಡಸ್ತಿಕೆ ಮಾರಾಯ?" ಅಂದ. ಫೋನಿನ ಲೆನ್ಸಿನ ಫೋಕಲ್ ಲೆಂತ್ ಬರೀ ಆರೇಳು ಮಿಲಿಮೀಟರ್, ಹಾಗಾಗಿ ಬಾಯಿ ನಾಲ್ಕು ಮಿ.ಮೀ. ಅಷ್ಟೆ. ನನ್ನದು 28. ಬಾಯಿಯ ಲೆಕ್ಕದಲ್ಲಿ ಐವತ್ತು ಪಟ್ಟಿನ ವ್ಯತ್ಯಾಸ. ಆ ಕೊರತೆಯನ್ನು ಫೋನು ಪಟಪಟ ಅಂತ ಹತ್ತಾರು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸಿ ತುಂಬಿಕೊಳ್ಳುತ್ತದೆ. ಚೌಕಿಯಲ್ಲಿ ಅವನು ತೆಗೆದ ಫೋಟೋ ಕೆಟ್ಟದೇನೂ ಇರಲಿಲ್ಲ. ಇದನ್ನು ಅವನಿಗೆ ಹೇಳಿಲ್ಲ.

ಮಳೆಗೆ ಮುಂಚೆ ನಮ್ಮ ಕಡೆ ಮಿಂಚುಹುಳ ಬರುತ್ತವಲ್ಲ, ಅವುಗಳ ಲೆಕ್ಕ ಸ್ವಲ್ಪ ಬೇರೆ. ಟ್ರೈಪಾಡ್ ಮೇಲಿಟ್ಟು ಶಟರ್ ಅನ್ನು 30 ಸೆಕೆಂಡ್ ತೆರೆದಿಟ್ಟರೆ ಮರಗಳು ಬೆಳಗುತ್ತಾ ಹೋಗುತ್ತವೆ. ಹುಳದ ಮಿನುಗು ಮಾತ್ರ ಬೆಳಗುವುದಿಲ್ಲ. ಅದು ಕ್ಷಣದಲ್ಲಿ ಮಿನುಗಿ ಮುಂದೆ ಹೋಗಿರುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಆ ಚುಕ್ಕೆಗೆ ಹೊಸ ಬೆಳಕಿಲ್ಲ. ಆ ಚುಕ್ಕೆಗೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದು ಬಾಯಿಯ ಅಗಲದ ಮೇಲೇ ನಿಂತಿದೆ. ಇಲ್ಲಿ ದೊಡ್ಡ ಬಾಯಿಗೆ ನಿಜವಾಗಿ ಅರ್ಥ ಇದೆ. ಆದರೂ ಐಎಸ್ಒ ಏರಿಸಿ 1.8ರಲ್ಲೇ ಚೆನ್ನಾಗಿ ತೆಗೆಯುವವರು ಇದ್ದಾರೆ.

ಮದುವೆ ಫೋಟೋ ತೆಗೆಯುವವರಿಗೆ ಇಂಥ ದೊಡ್ಡ ಬಾಯಿಯ ಲೆನ್ಸ್ ಬೇಕೇ ಬೇಕು ಅನ್ನುತ್ತಾರೆ. ಮದುಮಗಳ ಮುಖ ಮಾತ್ರ ಸ್ಪಷ್ಟ, ಹಿಂದಿನ ದೀಪಗಳೆಲ್ಲ ಬಣ್ಣದ ಗೋಲಿ. ಚೆಂದವೇ. ಆದರೆ ಆಲ್ಬಮ್ ನೋಡುವ ಅಜ್ಜಿ ಕೇಳುವ ಪ್ರಶ್ನೆ ಬೇರೆ: "ಹಿಂದೆ ಕೂತೋರು ಯಾರೋ, ಒಬ್ಬರ ಮುಖವೂ ಕಾಣಲ್ವಲ್ಲ?" ಮಂಟಪದ ಮೇಲೆ ನೆಂಟರು ಎರಡು ಸಾಲು ನಿಂತ ಕೂಡಲೇ ಎಂಥ ಲೆನ್ಸಾದರೂ ಎಫ್ 5.6ಕ್ಕೆ ಮುಚ್ಚಲೇಬೇಕು. ಮುಚ್ಚಿದ ಮೇಲೆ ಎರಡು ಲಕ್ಷದ್ದೂ ಇಪ್ಪತ್ತು ಸಾವಿರದ್ದೂ ಹೆಚ್ಚುಕಡಿಮೆ ಒಂದೇ.

ಬೂಷ್ಟಿನ ಮಾತು ನಗುವಂಥದ್ದಲ್ಲ ಅಂತ ಆಮೇಲೆ ಅನ್ನಿಸಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಲೆನ್ಸಿನೊಳಗೆ ಅದು ಜೇಡನ ಬಲೆಯಂತೆ ಹರಡುತ್ತದೆ, ಬಿಟ್ಟರೆ ಲೇಪನವನ್ನೇ ತಿನ್ನುತ್ತದೆ. ಆರು ಗಾಜಿನದಕ್ಕೆ ಹಿಡಿದರೆ ಹೋಗಲಿ ಅನ್ನಬಹುದು. ಹದಿನೈದು ಗಾಜನ್ನು ಬಿಚ್ಚಿ ತೊಳೆಸುವ ಖರ್ಚು ನೆನೆದರೆ ನಿದ್ದೆ ಬರುವುದಿಲ್ಲ. ದುಬಾರಿ ಲೆನ್ಸಿಗೆ ನೀರು, ದೂಳು ತಡೆಯುವ ರಬ್ಬರ್ ಅಂಚು ಇರುತ್ತದೆ, ಅದು ಅದರ ಹೆಚ್ಚುಗಾರಿಕೆ. ಆದರೆ ಗಾಳಿಯ ತೇವಕ್ಕೆ ಅದು ಬೀಗ ಅಲ್ಲ. ಲೆನ್ಸಿನ ಜೊತೆ ತೇವ ಹೀರುವ ಪೆಟ್ಟಿಗೆಯನ್ನೂ ಕೊಳ್ಳಬೇಕು, ಮಳೆಗಾಲದಲ್ಲಿ ಕರೆಂಟು ಇರಲಿ ಅಂತ ಹರಕೆಯನ್ನೂ ಹೊರಬೇಕು.

ಮಾರನೇ ದಿನ ಲೆನ್ಸ್ ವಾಪಸ್ ಕೊಟ್ಟೆ. ಹುಡುಗ ಮತ್ತೆ ಟಾರ್ಚ್ ಬಿಟ್ಟ. ಒಳಗೆ ಶುಭ್ರ. ಹೊರಗೆ ಮಾತ್ರ ಚೌಕಿಯ ಹಳದಿ ಬಣ್ಣ ಸ್ವಲ್ಪ ಅಂಟಿತ್ತು, ಬಟ್ಟೆಯಲ್ಲಿ ಒರೆಸಿದ. ಮುಂದಿನ ತಿಂಗಳು ಅದೇ ಮೇಳದ ಇನ್ನೊಂದು ಆಟ ಇದೆ, ಅಲ್ಲೂ ದೊಂದಿ ಬೆಳಕಿನ ಪ್ರವೇಶ ಇರುತ್ತದಂತೆ. ಆ ದಿನಕ್ಕೆ ಲೆನ್ಸ್ ಸಿಗುತ್ತಾ ಅಂತ ಕೇಳಿದೆ. ಅವನು ಪುಸ್ತಕ ತಿರುವಿದ.

"ಇಲ್ಲ ಸಾರ್, ಅವತ್ತು ಮದುವೆಗೆ ಬುಕ್ ಆಗಿದೆ."