ಎಲ್ಲವೂ ಹೊರಗಿಂದ ಬಂದ ಊರು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಸ್ಟಾಯಲ್ ಎಂಬ ಪುಟ್ಟ ಹಳ್ಳಿಯಿದೆ. ಕೆಂಪು ಇಟ್ಟಿಗೆಯ ಸಾಲುಮನೆಗಳು, ಕೈತೋಟಗಳು, ಒಂದು ಚಿಕ್ಕ ಚರ್ಚು. ತಾನಾಗಿ ಬೆಳೆದ ಊರು ಅನ್ನಿಸುತ್ತದೆ, ಅಲ್ವಾ? ಆದರೆ ಇದನ್ನು ಗಿರಣಿಗೋಸ್ಕರ ಬೆಳೆಸಿದ್ದು. ಬಾಲಿನ್ ಹೊಳೆಯ ನೀರೊಂದನ್ನು ಬಿಟ್ಟರೆ ಗಿರಣಿಗೆ ಬೇಕಾದದ್ದೆಲ್ಲ ಹೊರಗಿಂದಲೇ ಬಂತು.

1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಇಲ್ಲಿ ಕ್ವಾರಿ ಬ್ಯಾಂಕ್ ಎಂಬ ನೂಲಿನ ಗಿರಣಿ ಶುರುಮಾಡಿದ. ಅವನೂ ಬೆಲ್‌ಫಾಸ್ಟಿನಿಂದ ಬಂದವನೇ. ಆಗ ಯಂತ್ರ ತಿರುಗಬೇಕಾದರೆ ಹೊಳೆ ಬೇಕಿತ್ತು. ಹೊಳೆ ಚೆನ್ನಾಗಿತ್ತು, ಕೆಲಸಕ್ಕೆ ಜನ ಇರಲಿಲ್ಲ. ಸುತ್ತಮುತ್ತ ಇದ್ದವರು ಬೇಸಾಯದವರು. ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ಕೆಲಸ ಅವರಿಗೆ ಯಾಕೆ ಬೇಕು?

ಹಾಗಾಗಿ ಮಕ್ಕಳನ್ನು ತರಿಸಿದ. ಬಡವರನ್ನು ಇಡುತ್ತಿದ್ದ ವರ್ಕ್‌ಹೌಸ್‌ಗಳಿಂದ ಬಂದ ಹುಡುಗ ಹುಡುಗಿಯರಿಗೆ 1790ರಲ್ಲಿ ಒಂದು ಮನೆಯನ್ನೇ ಕಟ್ಟಿಸಿದ. 1800ರ ಹೊತ್ತಿಗೆ ಗಿರಣಿಯ ಕೆಲಸಗಾರರಲ್ಲಿ ಹತ್ತಿರಹತ್ತಿರ ಅರ್ಧ ಜನ ಈ ಮಕ್ಕಳೇ. ಬೆಳಿಗ್ಗೆ ಓಟ್ಸ್ ಗಂಜಿ. ಅದನ್ನು ಗಂಜಿ ಅನ್ನುವುದಕ್ಕಿಂತ ಮುದ್ದೆ ಅನ್ನಬೇಕು, ಅಂಗೈ ಮೇಲೆ ಹಾಕಿಸಿಕೊಂಡು ತಿನ್ನುವಷ್ಟು ಗಟ್ಟಿ.

1806ರಲ್ಲಿ ಜೋಸೆಫ್ ಸೆಫ್ಟನ್, ಥಾಮಸ್ ಪ್ರೀಸ್ಟ್ಲಿ ಎಂಬ ಇಬ್ಬರು ಹುಡುಗರು ಓಡಿಹೋದರು. ಥಾಮಸ್‌ನ ಒಂದು ಬೆರಳು ಯಂತ್ರಕ್ಕೆ ಸಿಕ್ಕಿ ತುಂಡಾಗಿತ್ತು. ಸಿಕ್ಕಿಬಿದ್ದ ಮೇಲೆ ನ್ಯಾಯಾಧೀಶರ ಮುಂದೆ ಅವರು ಕೊಟ್ಟ ಹೇಳಿಕೆ ಉಳಿದಿದೆ. ಊಟ, ಹಾಸಿಗೆ ಬಗ್ಗೆ ಅವರದ್ದು ದೊಡ್ಡ ದೂರೇನಲ್ಲ. ಅಮ್ಮನನ್ನು ನೋಡಬೇಕಿತ್ತು, ಅದಕ್ಕೇ ಲಂಡನ್ ದಾರಿ ಹಿಡಿದದ್ದು. ಗ್ರೆಗ್ ಬೇರೆ ಮಾಲೀಕರಿಗಿಂತ ಒಳ್ಳೆಯವನು ಅಂತ ಬರೆಯುವವರು ಈ ಹೇಳಿಕೆಯನ್ನು ಒಮ್ಮೆ ಓದಬೇಕು.

ಗಿರಣಿಗೆ ಬರುತ್ತಿದ್ದ ಹತ್ತಿಯೂ ಅಮೆರಿಕದ ಗುಲಾಮರು ಬೆಳೆದದ್ದು. ಗ್ರೆಗ್ ಮನೆತನಕ್ಕೆ ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುತ್ತಿದ್ದ ತೋಟವೂ ಇತ್ತು.

1820ರ ದಶಕದಲ್ಲಿ ಕೆಲಸಗಾರರ ಕುಟುಂಬಗಳಿಗಾಗಿ ಸಾಲುಮನೆಗಳು ಎದ್ದವು. ಮನೆಗೊಂದು ಪಾಯಖಾನೆ, ತರಕಾರಿ ಬೆಳೆಯಲು ಒಂದಿಷ್ಟು ನೆಲ. ಆ ಕಾಲದ ಮ್ಯಾಂಚೆಸ್ಟರ್ ಗಲ್ಲಿಗಳಿಗೆ ಹೋಲಿಸಿದರೆ ಸ್ವರ್ಗ. ಆದರೆ ಮನೆ ಮಾಲೀಕನದು, ಶಾಲೆ ಮಾಲೀಕನದು, ಚರ್ಚು ಕಟ್ಟಿಸಿದವನೂ ಅವನೇ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಹಾಗಿದ್ದ ಮೇಲೆ ಯಾರು ಜಗಳಕ್ಕೆ ನಿಲ್ಲುತ್ತಾರೆ?

1847ಕ್ಕೆ ಮಕ್ಕಳನ್ನು ತರಿಸುವುದು ನಿಂತಿತು. 1939ರಲ್ಲಿ ಗ್ರೆಗ್ ವಂಶದವರು ಗಿರಣಿಯನ್ನೂ ಊರನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. 1959ರಲ್ಲಿ ಗಿರಣಿ ಮುಚ್ಚಿತು. ಈಗ ಅದೊಂದು ಮ್ಯೂಸಿಯಂ, ಸಾಲುಮನೆಗಳಲ್ಲಿ ಬಾಡಿಗೆಯವರಿದ್ದಾರೆ. ಹಳೆಯ ನೀರಿನ ಚಕ್ರ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಹೋಗಿ ಟರ್ಬೈನ್ ಬಂದಿತ್ತು. ಇವತ್ತು ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ದೊಡ್ಡ ಚಕ್ರ ಯಾರ್ಕ್‌ಶೈರಿನ ಇನ್ನೊಂದು ಗಿರಣಿಯದು. ಬಿಚ್ಚಿ ತಂದು ಜೋಡಿಸಿದ್ದು.