ಅನುದಾನಕ್ಕೆ ಹಾರ ಹಾಕಬೇಡಿ

ಕಳೆದ ವಾರ ಪೀಣ್ಯದಲ್ಲಿ ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ನನಗೆ ಪರಿಚಯದ ಹುಡುಗರ ಡ್ರೋನ್ ಕಂಪನಿಯದು. "ಕೇಂದ್ರ ಸರ್ಕಾರದಿಂದ 1.5 ಕೋಟಿ ಅಣುದಾನ ಬಹುಮಾನ ಗೆದ್ದ ನಮ್ಮ ಹೆಮ್ಮೆಯ ಹುಡುಗರಿಗೆ ಅಭಿನಂದನೆಗಳು." ಬೆಂಗಳೂರಿನಲ್ಲಿ ಫ್ಲೆಕ್ಸ್‌ಗೆ 2018ರಲ್ಲೇ ನಿಷೇಧ ಬಿದ್ದಿದೆ, ಅದು ಬೇರೆ ಮಾತು. "ಅಣುದಾನ" ನೋಡಿ ನಗು ಬಂತು. ರಕ್ಷಣಾ ಇಲಾಖೆಯ ದುಡ್ಡು, ಅಣು ಅಂದರೂ ಹೊಂದುತ್ತೆ ಬಿಡಿ. ತಲೆ ಕೆಟ್ಟಿದ್ದು ಅದರ ಪಕ್ಕದ ಪದಕ್ಕೆ. ಬಹುಮಾನವಂತೆ!

ಫ್ಲೆಕ್ಸ್ ಕಟ್ಟಿದ ದಿನ ಆ ಹುಡುಗರ ಖಾತೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಆದರೆ ಶೆಡ್ಡಿನ ಓನರ್ ಬಾಡಿಗೆ ಜಾಸ್ತಿ ಮಾಡುವ ಮಾತು ತೆಗೆದಿದ್ದರು. ಒಬ್ಬ ಹುಡುಗನ ಸೋದರಮಾವ ಊರಿಂದ ಫೋನ್ ಮಾಡಿ, "ಒಂದೈದು ಲಕ್ಷ ಇದ್ರೆ ನೋಡಪ್ಪ" ಅಂದಿದ್ದರು. ಒಂದು ಪದ ತಪ್ಪಾದರೆ ಇಷ್ಟೆಲ್ಲ ಆಗುತ್ತೆ.

ತಪ್ಪು ಪೂರ್ತಿ ಫ್ಲೆಕ್ಸ್ ಅಂಗಡಿಯದಲ್ಲ. ಐಡೆಕ್ಸ್ ಅಂತ ರಕ್ಷಣಾ ಸಚಿವಾಲಯದ ಯೋಜನೆ ಇದೆ, 2018ರದು. ಅದನ್ನು ನಡೆಸುವ ಸಂಸ್ಥೆಗೆ ಮೊದಲ ಬಂಡವಾಳ ಹಾಕಿದ್ದು ನಮ್ಮೂರಿನ ಎಚ್‌ಎಎಲ್ ಮತ್ತು ಬಿಇಎಲ್. ಸೇನೆ ತನ್ನ ಸಮಸ್ಯೆಗಳ ಪಟ್ಟಿ ಕೊಡುತ್ತದೆ, ಸ್ಟಾರ್ಟಪ್‌ಗಳು ಪರಿಹಾರ ಬರೆದು ಅರ್ಜಿ ಹಾಕುತ್ತವೆ. ಇದಕ್ಕೆ ಅವರು ಇಟ್ಟ ಹೆಸರು "ಚಾಲೆಂಜ್". ಆಯ್ಕೆಯಾದವರು "ವಿನ್ನರ್". ವಿನ್ನರ್ ಅಂದ ಮೇಲೆ ನಮ್ಮ ಜನ ಹಾರ ತರದೆ ಇರುತ್ತಾರಾ? ಗೆದ್ದದ್ದು ಏನು ಅಂದರೆ, ಮಾತುಕತೆಗೆ ಕೂತು ಒಪ್ಪಂದಕ್ಕೆ ಸಹಿ ಹಾಕುವ ಅವಕಾಶ. ಆಮೇಲೆ ಮಾಡಿ ತೋರಿಸಿದಷ್ಟಕ್ಕೆ ಕಂತು ಕಂತಾಗಿ ದುಡ್ಡು. ಅದೂ 1.5 ಕೋಟಿ "ವರೆಗೆ". ಅಷ್ಟೇ ಪಾಲನ್ನು ನೀವೂ ಹಾಕಬೇಕು. ಈ "ವರೆಗೆ" ಮತ್ತು "ನೀವೂ" ಎರಡೂ ಫ್ಲೆಕ್ಸ್‌ನಲ್ಲಿ ಹಿಡಿಯುವುದಿಲ್ಲ.

ಇನ್ನೊಂದು ಕಾರಣ ಇಂಗ್ಲಿಷಿನ "ಅವಾರ್ಡ್". ಕಚೇರಿ ಇಂಗ್ಲಿಷಿನಲ್ಲಿ ಅದಕ್ಕೆ ಮಂಜೂರು ಎನ್ನುವ ಅರ್ಥವೂ ಇದೆ. ಟೆಂಡರ್ ಸಿಕ್ಕರೂ ಅವಾರ್ಡ್, ಭೂಸ್ವಾಧೀನದ ಪರಿಹಾರವೂ ಅವಾರ್ಡ್. ಅಮೆರಿಕದಲ್ಲಿ ಎಸ್‌ಬಿಐಆರ್ ಅಂತ 1982ರ ಕಾನೂನಿನಿಂದ ಹುಟ್ಟಿದ ಯೋಜನೆ ಇದೆ. ಅಲ್ಲಿನ ದೊಡ್ಡ ಇಲಾಖೆಗಳು ಹೊರಗಿನವರಿಂದ ಮಾಡಿಸುವ ಸಂಶೋಧನೆಯ ಹಣದಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಎತ್ತಿಡಲೇಬೇಕು. ಅವರ ರಕ್ಷಣಾ ಇಲಾಖೆ ಹೆಚ್ಚಾಗಿ ಕೊಡುವುದು ಗುತ್ತಿಗೆ. ಆದರೂ ಅದಕ್ಕೆ ಅವಾರ್ಡ್ ಅಂತಲೇ ಹೆಸರು. ಸುದ್ದಿ ಕನ್ನಡಕ್ಕೆ ಬರುವಾಗ ಮಾತ್ರ ಅದು "ಪ್ರಶಸ್ತಿ" ಆಗಿಬಿಡುತ್ತದೆ. ಅಷ್ಟು ಅವಸರ ಯಾಕೋ.

ಪ್ರಶಸ್ತಿ ಅಂದಾಗ ನನಗೆ ಶಾಸನಗಳು ನೆನಪಾಗುತ್ತವೆ. ಅಲ್ಲಿ ಪ್ರಶಸ್ತಿ ಅಂದರೆ ರಾಜನನ್ನು ಹೊಗಳುವ ಭಾಗ. ದುಡ್ಡು, ಭೂಮಿಯ ಮಾತು ಬರುವುದು ಅದು ಮುಗಿದ ಮೇಲೆ. ಹಲ್ಮಿಡಿ ಶಾಸನವನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ, ಸುಮಾರು ಕ್ರಿ.ಶ. 450ರದು. ಅದರಲ್ಲಿ ಏನಿದೆ ಅಂತ ಕೇಳಿದರೆ ಜಾಸ್ತಿ ಜನ ತಡವರಿಸುತ್ತಾರೆ. ಯುದ್ಧದಲ್ಲಿ ಶೌರ್ಯ ತೋರಿಸಿದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರು ಕೊಟ್ಟದ್ದು. ಆ ಕೊಡುಗೆಯ ಹೆಸರು "ಬಾಳ್ಗಳ್ಚು". ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಕತ್ತಿ ತೊಳೆದು ಕೊಟ್ಟ ಕೊಡುಗೆ! ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿರುವ ಬೇಗೂರಿನ ವೀರಗಲ್ಲೂ ಇಂಥದ್ದೇ ಕಥೆ ಹೇಳುತ್ತದೆ. ನಾಗತ್ತರ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ. ಗಂಗರ ರಾಜ ಎರೆಯಪ್ಪ ನಾಗತ್ತರನ ಪದವಿಯನ್ನು ಇರುಗನಿಗೆ ಕೊಟ್ಟು, ಬೆಂಪೂರು ಹನ್ನೆರಡು ಅನ್ನುವ ಊರುಗಳ ಗುಂಪನ್ನು ಕಲ್ನಾಡಾಗಿ, ಅಂದರೆ ಸತ್ತ ವೀರನ ಸಲುವಾಗಿ ಕೊಡುವ ಭೂಮಿಯಾಗಿ, ಬಿಟ್ಟುಕೊಟ್ಟ.

ಇವೆಲ್ಲ ರಕ್ಷಣಾ ಇಲಾಖೆಯ ಕೊಡುಗೆಗಳೇ, ಅಲ್ವಾ? ಆದರೆ ಗಮನಿಸಿ. ಕಾಳಗ ಮುಗಿದಿದೆ, ಕತ್ತಿಯ ರಕ್ತ ತೊಳೆದಾಗಿದೆ, ಆಮೇಲೆ ಊರು ಕೊಟ್ಟಿದ್ದಾರೆ. ಇದಕ್ಕೆ ಬಹುಮಾನ ಅನ್ನಿ, ಇನಾಮು ಅನ್ನಿ, ನನ್ನ ತಕರಾರಿಲ್ಲ. ಅನುದಾನ ಸಿಗುವ ಹೊತ್ತಿಗೆ ಕತ್ತಿಗೆ ಇನ್ನೂ ಹಿಡಿಯೇ ಹಾಕಿರುವುದಿಲ್ಲ. ಮಾಡಬೇಕಾದ ಕೆಲಸಕ್ಕೆ ಕೊಡುವ ಹಣ ಅದು.

ದಾನ ಅಂದುಕೊಳ್ಳುವವರು ಇನ್ನೊಂದು ಗುಂಪು. ಪದದೊಳಗೇ ದಾನ ಇದೆಯಲ್ಲ ಅಂತ ವಾದ ಮಾಡುತ್ತಾರೆ. ಇದೆ, ಆದರೆ ಅದರ ಮುಂದೆ "ಅನು" ಕೂತಿದೆ. ಅನುಚರ, ಅನುಜ, ಅನುಸರಿಸು, ಎಲ್ಲದರಲ್ಲೂ ಅನು ಅಂದರೆ ಹಿಂದೆ ಬರುವುದು. ದಾನದ ಹಿಂದೆಯೇ ಲೆಕ್ಕ ಬರುತ್ತೆ, ಅದೇ ಅನುದಾನ ಅಂತ ನಾನು ತಮಾಷೆಗೆ ಹೇಳುವುದುಂಟು. ವ್ಯಾಕರಣದವರು ಒಪ್ಪಲಿಕ್ಕಿಲ್ಲ. ಅನುದಾನಿತ ಶಾಲೆಯ ಮೇಷ್ಟ್ರುಗಳು ಕೂಡಲೇ ಒಪ್ಪುತ್ತಾರೆ. ಹಳೆಯ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತಿತ್ತು: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಅಂದರೆ ಭಯ ಇದ್ದದ್ದು ಕಿತ್ತುಕೊಳ್ಳುವವನಿಗೆ. ಅನುದಾನದಲ್ಲಿ ಶಾಪ ತಿರುಗಿ ತಗೊಂಡವನ ಮೇಲೆ ಬಿದ್ದಿದೆ. ಹೇಳಿದ ಕೆಲಸಕ್ಕೆ ಬಳಸದಿದ್ದರೆ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಬ್ಯಾಂಕಿನಲ್ಲಿ ಸುಮ್ನೆ ಇಟ್ಟಾಗ ಹುಟ್ಟಿದ ಬಡ್ಡಿಯೂ ನಿಮ್ಮದಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದು ಸರ್ಕಾರದ ಸಂಚಿತ ನಿಧಿಗೆ ಹೋಗಬೇಕು.

ಆ ಲೆಕ್ಕ ಹೇಗಿರುತ್ತೆ ಅಂತ ಒಂದು ಸಂಜೆಯ ಕಥೆ ಹೇಳುತ್ತೇನೆ. ಸಣ್ಣ ಕಂಪನಿಗಳಿಗೆ ಅರ್ಜಿ, ವರದಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಹೋದ ವರ್ಷ ಹೀಗೇ ಒಂದು ಕಂಪನಿಯ ಯುಸಿ ತಯಾರು ಮಾಡಲು ಕೂತಿದ್ದೆವು. ಯುಸಿ ಅಂದರೆ ಹಣ ಬಳಕೆ ಪ್ರಮಾಣಪತ್ರ. ಅದಿಲ್ಲದೆ ಮುಂದಿನ ಕಂತು ಇಲ್ಲ. ಎಸ್.ಪಿ. ರೋಡಿನಲ್ಲಿ ತಂದ ಎರಡು ಮೋಟರಿನ ಬಿಲ್ ಆಡಿಟರ್ ಕೈಗೆ ಬಂತು. ಹಳದಿ ಚೀಟಿ. ಮೇಲೆ ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. "ಸಾಮಾನು, 18,400" ಅಂತ ಬಾಲ್‌ಪೆನ್ನಲ್ಲಿ ಬರೆದಿತ್ತು. ಆಡಿಟರ್ ಕನ್ನಡಕ ಕೆಳಗಿಳಿಸಿ, "ಏನ್ ಸಾಮಾನಪ್ಪ ಇದು, ಸೊಪ್ಪಾ?" ಅಂದರು. ಮೋಟರ್ ಅಲ್ಲೇ ಮೇಜಿನ ಮೇಲೆ ತಿರುಗುತ್ತಿತ್ತು. ಆದರೂ ಆ 18,400 ಹುಡುಗರ ಜೇಬಿಂದಲೇ ಹೋಯಿತು.

ಯಾರು ಎಷ್ಟು ಕೊಡುತ್ತಾರೆ ಅಂತ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ಐಡೆಕ್ಸ್‌ನಲ್ಲೇ ಪ್ರೈಮ್ ಅಂತ 10 ಕೋಟಿವರೆಗಿನದು ಇದೆ, ಅದಿತಿ ಅಂತ 25 ಕೋಟಿವರೆಗಿನದು ಇದೆ. ಡಿಆರ್‌ಡಿಒ ತಂತ್ರಜ್ಞಾನ ಅಭಿವೃದ್ಧಿ ನಿಧಿಯಲ್ಲಿ ಯೋಜನೆಯ ಖರ್ಚಿನ ಶೇ. 90ರವರೆಗೆ ಸಿಗುತ್ತದೆ, ಅದರ ಮಿತಿ 2022ರಲ್ಲಿ 10 ಕೋಟಿಯಿಂದ 50 ಕೋಟಿಗೆ ಏರಿತು. ಜೈವಿಕ ತಂತ್ರಜ್ಞಾನದವರಿಗೆ ಬೈರಾಕ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ ಬಿಗ್ ಯೋಜನೆ, 50 ಲಕ್ಷದವರೆಗೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಕೂಡ 50 ಲಕ್ಷದವರೆಗೆ. ಇವು ಯಾವುವೂ ಸಾಲವಲ್ಲ. ಕೆಲಸ ಪ್ರಾಮಾಣಿಕವಾಗಿ ಮಾಡಿ ಸೋತರೆ ಅಸಲು ವಾಪಸ್ ಕೇಳುವುದಿಲ್ಲ.

ಈಗ ಸಾಲದ ಮಾತು ಬಂತು. 2025ರ ಜುಲೈನಲ್ಲಿ ಕೇಂದ್ರ ಸಂಪುಟ 1 ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ, ನಾವೀನ್ಯ) ಯೋಜನೆಗೆ ಒಪ್ಪಿಗೆ ಕೊಟ್ಟಾಗ ನನ್ನ ವಾಟ್ಸಾಪ್ ತುಂಬ ಒಂದೇ ಸಂದೇಶ: "ಸ್ಟಾರ್ಟಪ್‌ಗಳಿಗೆ 1 ಲಕ್ಷ ಕೋಟಿ ಅನುದಾನ!" ಓದಿ ನೋಡಿ ಸ್ವಾಮಿ. ಅದು ಮುಖ್ಯವಾಗಿ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ಕೆಲವು ಕಡೆ ಷೇರು ಬಂಡವಾಳ. ಬಡ್ಡಿ ಇಲ್ಲದಿದ್ದರೂ ಸಾಲ ಸಾಲವೇ. ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಂತೂ ಒಂದೇ ಅಂಗಿಗೆ ಎರಡು ಜೇಬು. ಪರಿಕಲ್ಪನೆ ಸಾಬೀತು ಮಾಡಲು 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಷೇರಾಗಿ ಬದಲಾಗುವ ಪತ್ರ. ಎರಡನ್ನೂ ಕೂಡಿಸಿ "70 ಲಕ್ಷ ಅನುದಾನ" ಅಂತ ಬರೆದವರನ್ನೂ ನೋಡಿದ್ದೇನೆ.

ಫ್ಲೆಕ್ಸ್ ಹುಡುಗರಿಗೆ ಇದನ್ನೆಲ್ಲ ಟೀ ಅಂಗಡಿಯಲ್ಲಿ ಕೂರಿಸಿ ಹೇಳಿದೆ. ತಲೆ ಆಡಿಸಿದರು. ಏಳುವಾಗ ಒಬ್ಬ ಮೆತ್ತಗೆ ಕೇಳಿದ:

"ಅಣ್ಣಾ, ಫ್ಲೆಕ್ಸಿಗೆ ಮೂರು ಸಾವಿರ ಆಯ್ತು. ಪ್ರಾಜೆಕ್ಟ್ ಲೆಕ್ಕಕ್ಕೆ ಹಾಕಬಹುದಾ?"